ಹದಕ್ಕ ಕಾಯಿಸಿದ ಮೊಳಕಿ ಬದುಕ್ತು, ರಾತ್ರಿಯೆಲ್ಲಾ ಕಾಯ್ದಿದ್ದು ಬೆಳೀಲೇ ಇಲ್ಲ, ಯಾಕ್ರೀ?

ರಾಯಚೂರು_ಸಸಿ:
ನಮಸ್ಕಾರ್ರೀ ಎಲ್ಲಾರಿಗೂ. ನಾ ಎಂಎಸ್ಸಿ ಬಯೋಟೆಕ್ ಎರಡನೇ ವರ್ಷ ಓದಾಕತ್ತೀನಿ. ಸೆಮಿನಾರ್ ಸಲುವಾಗಿ ಒಂದು ಸಣ್ಣ ಪ್ರಯೋಗ ಮಾಡಿದ್ದೆ, ಅದರಾಗ ಒಂದು ತಿಳೀವಲ್ದು. ಬೆಂಗಳೂರು ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಬೆಳೆ ಶರೀರಕ್ರಿಯಾ ವಿಭಾಗದವರು ರೂಢಿಗೆ ತಂದ ಟಿಐಆರ್ ಅನ್ನೋ ವಿಧಾನ ಅದ, ಮೊಳಕಿನ ಮೊದಲು ಹಗೂರಕ ಬಿಸಿಗೆ ಒಗ್ಗಿಸಿ ಆಮ್ಯಾಲೆ ಸಾಯೋವಷ್ಟು ಬಿಸಿ ಕೊಟ್ಟು ಯಾವುದು ತಡೀತದ ನೋಡೋದು. ನಾ ಹೆಸರುಕಾಳು ಮೊಳಕಿ ತಗೊಂಡಿದ್ದೆ, ಮೂರು ಪೆಟ್ರಿ ತಟ್ಟಿ.

ಮೊದಲನೇ ತಟ್ಟಿ ಸೀದಾ 49 ಡಿಗ್ರಿಗೆ ಎರಡು ತಾಸು. ಎರಡನೇದ್ದು 28ರಿಂದ 40ಕ್ಕ ಐದು ತಾಸಿನಾಗ ಏರಿಸಿ ಆಮ್ಯಾಲೆ 49ಕ್ಕ ಎರಡು ತಾಸು. ಮೂರನೇದ್ದೂ ಹಂಗ ಮಾಡಬೇಕಿತ್ತು, ಆದ್ರ ಇನ್‌ಕ್ಯುಬೇಟರ್ ಟೈಮರ್ ಕೈ ಕೊಡ್ತು, ನಾ ಹಾಸ್ಟೆಲ್‌ಗೆ ಹೋಗಿಬಿಟ್ಟಿದ್ದೆ, ಬೆಳಗಿನ ತನಕ 40ರಾಗೇ ಕುಂತಿತ್ತು. ಬೆಳಿಗ್ಗೆ 49 ಕೊಟ್ಟೆ. ಮೂರೂ ವಾಪಸ್ 28ಕ್ಕ ಇಟ್ಟು ಮೂರು ದಿನ ಬಿಟ್ಟೆ.

ಮೊದಲನೇದ್ದು ಎಲ್ಲಾ ಬಾಡಿ ಕಂದು ಬಣ್ಣ ಆಗಿ ಮುಟ್ಟಿದ್ರ ಲೊಳ್ಳಿ ಲೊಳ್ಳಿ. ಎರಡನೇದ್ದು ಒಂದೆರಡು ಬಿಟ್ರ ಎಲ್ಲಾ ನೆಟ್ಟಗ ನಿಂತಾವ, ಬೇರು ಬೆರಳುದ್ದ ಆಗ್ಯದ. ಮೂರನೇದ್ದು ಸತ್ತಿಲ್ಲ, ಆದ್ರ ಬೆಳೆದೂ ಇಲ್ಲ, ಬೇರು ಉಗುರಿನಷ್ಟ ಇದ್ದಿದ್ದು ಉಗುರಿನಷ್ಟ, ತುದಿ ದಪ್ಪಾಗಿ ಮೊಂಡು ಬಿದ್ದದ. ಎಚ್‌ಎಸ್‌ಪಿ ಅಂದ್ರ ಹೀಟ್ ಶಾಕ್ ಪ್ರೋಟೀನ್ ಬರ್ತಾವ ಅದಕ್ಕ ಬದುಕ್ತದ ಅನ್ನೋದು ಪುಸ್ತಕದಾಗ ಅದ. ನನ್ನ ಪ್ರಶ್ನೆ ಅಂದ್ರ ಆ ಪ್ರೋಟೀನ್ ಮಾಡ್ರಿ ಅಂತ ಜೀನಿಗೆ ಆರ್ಡರ್ ಕೊಡೋರು ಯಾರು, ಸಾಕು ನಿಲ್ಲಸ್ರಿ ಅನ್ನೋರು ಯಾರು? ಮೂರನೇ ತಟ್ಟಿಗೆ ಏನಾಯ್ತು?

ಗಂಗಾವತಿ_ಗದ್ದಿ:
ತಂಗಿ ನಾ ರೈತ, ನನಗ ಈ ಜೀನು ಪೀನು ಗೊತ್ತಾಗಂಗಿಲ್ಲ, ಆದ್ರ ಬಿಸಿಲಿನ ವಿಷಯ ಅಂದಿ ಅಂತ ಕೇಳ್ತೀನಿ. ಹ್ವಾದ ಬ್ಯಾಸಗಿ ಬೆಳಿ ನಾನೂ ಬಾಜು ಗದ್ದಿಯವನೂ ಒಂದ ತಳಿ, ಒಂದ ಗೊಬ್ಬರ, ಒಂದ ಕಾಲುವಿ ನೀರು. ಅವ ನನಗಿಂತ ಹದಿನೆಂಟು ದಿನ ಮೊದ್ಲು ನಾಟಿ ಹಚ್ಚಿದ್ದ. ಅವಂದು ತೆನಿ ಬಾಗಿ ನಿಂತಿತ್ತು ನಂದು ತೆನಿ ನೆಟ್ಟಗ ಆಕಾಶ ನೋಡಾಕತ್ತಿತ್ತು, ಕಿತ್ತು ತಿಕ್ಕಿದ್ರ ಅರ್ಧಕ್ಕರ್ಧ ಜೊಳ್ಳು. ಗಿಡ ಹಸರಾಗೇ ಇತ್ತು ರೋಗ ಇಲ್ಲ ಏನಿಲ್ಲ. ಇದೂ ನಿನ್ನ ತಟ್ಟಿ ಕಥಿನ ಏನು?

ಬಳ್ಳಾರಿ_ಬಯೋ:
ಎರಡೂ ಒಳ್ಳೆ ಪ್ರಶ್ನೆ. ನಾನು ಬಳ್ಳಾರಿಯವನು, ಜೀವಕೋಶದ ಸ್ಟ್ರೆಸ್ ಮೇಲೇನೆ ಪಿಎಚ್‌ಡಿ ಮಾಡಿದ್ದು, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ.

ಆರ್ಡರ್ ಕೊಡೋರಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂತ ಹೆಸರು. ಅವೂ ಪ್ರೋಟೀನೇ, ಡಿಎನ್‌ಎ ಮೇಲೆ ಒಂದೊಂದಕ್ಕೂ ಗುರುತಿನ ಅಕ್ಷರ ಇರ್ತಾವೆ, ಅಲ್ಲಿ ಹೋಗಿ ಕುಂತು ಪಕ್ಕದ ಜೀನ್ ಓದ್ಸೋದು ಇಲ್ಲ ಓದದಂಗೆ ತಡೆಯೋದು. ಮನುಷ್ಯನಲ್ಲಿ ಸುಮಾರು 1,600 ಇದಾವೆ. ಡಿಎನ್‌ಎ ಹಿಡಿಯೋ ಕೈ ಯಾವ ಆಕಾರ ಅನ್ನೋದ್ರ ಮೇಲೆ ಮನೆತನ ಮಾಡ್ತಾರೆ. ಬಿಸಿಯದ್ದು ಎಚ್‌ಎಸ್‌ಎಫ್ ಮನೆತನ, ಹೀಟ್ ಶಾಕ್ ಫ್ಯಾಕ್ಟರ್, ಅದರ ಗುರುತು ಜಿಎಎ ಅನ್ನೋ ಅಕ್ಷರ ಮತ್ತೆ ಮತ್ತೆ ಬರೋ ಜಾಗ.

ಈಗ ಯಾರು ಎಬ್ಬಿಸ್ತಾರೆ ಅನ್ನೋದು. ಪ್ರಾಣಿ ಜೀವಕೋಶದಲ್ಲಿ ಚೆನ್ನಾಗಿ ಗೊತ್ತಾಗಿರೋದನ್ನ ಹೇಳ್ತೀನಿ, ಗಿಡದಲ್ಲೂ ಮೂಲ ಲೆಕ್ಕ ಇದೇನೆ. ಹೋರಿಯ ಕಣ್ಣಿ, ಅಂದ್ರೆ ಹಗ್ಗ, ಹಿಡ್ಕೊಂಡು ಆಳು ನಿಂತವ್ನೆ ಅನ್ಕೋ. ಹೋರಿ ಅಂದ್ರೆ ಎಚ್‌ಎಸ್‌ಎಫ್-1. ಕಣ್ಣಿ ಹಿಡಿದ ಆಳು ಎಚ್‌ಎಸ್‌ಪಿ70 ಮತ್ತೆ ಎಚ್‌ಎಸ್‌ಪಿ90, ಅಂದ್ರೆ ನೀನು ಹೇಳಿದ ಅದೇ ಹೀಟ್ ಶಾಕ್ ಪ್ರೋಟೀನು. ಬಿಸಿ ಏರಿದಾಗ ಜೀವಕೋಶದ ಪ್ರೋಟೀನು ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟ್ಕೊಳೋಕೆ ಶುರು, ಮೊಟ್ಟೆ ಬೇಯಿಸ್ದಾಗ ಬಿಳಿ ಲೋಳೆ ಗಟ್ಟಿ ಆಗೋದು ಅದೇ. ಅದನ್ನ ಹಿಡಿದು ಸರಿ ಮಡಚೋ ಕೆಲಸ ಈ ಎಚ್‌ಎಸ್‌ಪಿದು, ಹಂಗಾಗಿ ಆಳು ಕಣ್ಣಿ ಬಿಟ್ಟು ಅತ್ಲಾಗೆ ಓಡ್ತಾನೆ. ಹೋರಿ ಬಿಡುಗಡೆ. ಮೂರು ಮೂರು ಸೇರಿ ಗುಂಪು ಕಟ್ಕೊಂಡು ನ್ಯೂಕ್ಲಿಯಸ್ ಒಳಗೆ ಜಿಎಎ ಜಾಗ ಹಿಡಿತಾವೆ, ಇನ್ನಷ್ಟು ಎಚ್‌ಎಸ್‌ಪಿ ತಯಾರಾಗ್ತಾವೆ. ಕೆಟ್ಟ ಪ್ರೋಟೀನೆಲ್ಲಾ ಸರಿ ಆದ್ಮೇಲೆ ಕೈ ಖಾಲಿ ಆದ ಆಳುಗಳು ವಾಪಸ್ ಬಂದು ಮತ್ತೆ ಕಣ್ಣಿ ಹಿಡಿತಾರೆ. ಆರ್ಡರ್ ಕೊಟ್ಟೋನು ಬೇರೆ ನಿಲ್ಲಿಸಿದೋನು ಬೇರೆ ಅಲ್ಲಮ್ಮ, ಕೆಲಸಕ್ಕೆ ಹೋದ ಆಳೇ ಎಬ್ಬಿಸಿದ್ದು, ಕೆಲಸ ಮುಗಿಸಿ ಬಂದ ಆಳೇ ಮಲಗಿಸಿದ್ದು. ನಂಗೆ ಇಡೀ ಜೀವಶಾಸ್ತ್ರದಲ್ಲಿ ಇಷ್ಟು ಚೆಂದದ ಕಟ್ಟು ಇನ್ನೊಂದು ಕಂಡಿಲ್ಲ.

ನಿನ್ನ ಮೊದಲ ತಟ್ಟೆಗೆ ಈ ಆಳು ತಯಾರ್ ಮಾಡ್ಕೊಳೋಕೆ ಟೈಮೇ ಸಿಗಲಿಲ್ಲ. ಎರಡನೇದಕ್ಕೆ ಐದು ತಾಸು ಸಿಕ್ತು.

ರಾಯಚೂರು_ಸಸಿ:
ಅಣ್ಣಾ ಇದು ಪುಸ್ತಕದಾಗ ಬಾಣದ ಗುರುತು ಹಾಕಿ ಅರ್ಧ ಪುಟ ಬಿಡಿಸ್ಯಾರ, ನನಗ ಈಗ ತಲಿಗೆ ಹೋತು. ಗಿಡದಾಗ ಇದು ಒಂದ ಹೋರಿ ಏನು? ನಮ್ಮ ಮ್ಯಾಡಂ ಭತ್ತದಾಗ 25 ಅದಾವ ಅಂದಿದ್ರು.

ಬಳ್ಳಾರಿ_ಬಯೋ:
ಹೌದು ಭತ್ತದಲ್ಲಿ 25, ಲ್ಯಾಬಿನಲ್ಲಿ ಪ್ರಯೋಗಕ್ಕೆ ಬೆಳೆಸೋ ಅರಾಬಿಡಾಪ್ಸಿಸ್ ಅನ್ನೋ ಸಣ್ಣ ಗಿಡದಲ್ಲಿ 21. ಈಸ್ಟ್‌ನಲ್ಲಿ ಒಂದೇ, ಹಣ್ಣಿನ ನೊಣದಲ್ಲೂ ಒಂದೇ. ಗಿಡಕ್ಕೆ ಯಾಕೆ ಅಷ್ಟು ಅಂದ್ರೆ ಅದು ನಮ್ಮಂಗೆ ಎದ್ದು ಬೇವಿನ ಮರದ ಬುಡಕ್ಕೆ ಹೋಗಿ ಕುಂದ್ರಂಗಿಲ್ಲ, ನಿಂತ ಜಾಗದಲ್ಲೇ ಏಗಬೇಕು, ನನ್ನ ತಿಳುವಳಿಕೆ ಇದು. ಮತ್ತೆ ಅವು ಕೆಲಸ ಹಂಚ್ಕೊಂಡಾವೆ. ಎ1 ಅನ್ನೋ ಗುಂಪು ಮೊದಲು ಏಳೋದು, ಅದು ಎ2ನ ಎಬ್ಬಿಸ್ತೈತೆ, ಎ2 ಇದ್ರೆ ಒಂದ್ಸಲ ಬಿಸಿ ಕಂಡ ಗಿಡ ಮುಂದಿನ ಎರಡು ಮೂರು ದಿನ ಅದನ್ನ ನೆನಪಿಟ್ಕೊಂಡಂಗೆ ಇರ್ತೈತೆ. ಬಿ ಗುಂಪಿನವು ಕೆಲವು ಬ್ರೇಕು, ಬಿಸಿ ಇಲ್ಲದಾಗ ಎ2 ಸುಮ್ಮನೆ ಏಳದಂಗೆ ಒತ್ತಿ ಹಿಡಿತಾವೆ. ಬ್ರೇಕಿಗೆ ಅಂತಾನೇ ಜೀನ್ ಇಟ್ಕೊಂಡೈತೆ ಗಿಡ, ಅಲ್ಲಿಗೆ ನಿನ್ನ ಮೂರನೇ ತಟ್ಟೆ ಕಡೆ ಬಂದ್ವಿ.

1999ರಲ್ಲಿ ಜಪಾನಿನವ್ರು ಡಿಆರ್‌ಇಬಿ1ಎ ಅನ್ನೋ ಇನ್ನೊಂದು ಮನೆತನದ ಫ್ಯಾಕ್ಟರ್‌ನ ಅರಾಬಿಡಾಪ್ಸಿಸ್‌ನಲ್ಲಿ ಯಾವಾಗ್ಲೂ ಆನ್ ಇರೋ ಹಂಗೆ ಮಾಡಿ ನೋಡಿದ್ರು. ಬರ, ಉಪ್ಪು, ಚಳಿ ಎಲ್ಲಾ ತಡ್ಕೊಳ್ತು, ಆದ್ರೆ ಗಿಡ ಕುಳ್ಳು ಆಯ್ತು. ಅದೇ ಜೀನನ್ನ ಸ್ಟ್ರೆಸ್ ಬಂದಾಗ ಮಾತ್ರ ಆನ್ ಆಗೋ ಸ್ವಿಚ್ಚಿಗೆ ಕಟ್ಟಿದ್ರು, ಗಿಡ ಬೆಳೀತೂ ಬೆಳೀತು, ತಡ್ಕೊಳೋದ್ರಲ್ಲಿ ಇನ್ನೂ ಚೆನ್ನಾಗಾಯ್ತು. ಕಾವಲು ಕಾಯೋಕೂ ಖರ್ಚೈತೆ. ಬಿತ್ತನೆಗೆ ಹೋಗೋ ಆಳನ್ನೆಲ್ಲಾ ರಾತ್ರಿ ಹಗಲು ಹೊಲ ಕಾಯೋಕೆ ನಿಲ್ಲಿಸಿದ್ರೆ ಬಿತ್ತೋರ್ಯಾರು?

ಆದ್ರೆ ಒಂದು ಮಾತು ತಂಗಿ, ನಿನ್ನ ತಟ್ಟೆಗೂ ಇದೇ ಆಗೈತೆ ಅಂತ ಈಗಲೇ ಬರೀಬೇಡ. 40 ಡಿಗ್ರಿ ರಾತ್ರಿಯೆಲ್ಲಾ ಇದ್ರೆ ಬೇರಿನ ತುದಿ ಸೀದಾ ಪೆಟ್ಟು ತಿಂದಿರ್ಬೋದು. ನೀರು ಆರಿರ್ಬೋದು. ಒಂದೇ ತಟ್ಟೆ ಸಾಕ್ಷಿ ಅಲ್ಲ.

ರಾಯಚೂರು_ಸಸಿ:
ನೀರು ಆರಿದ್ದು ಇರ್ಬೋದ್ರಿ, ಫಿಲ್ಟರ್ ಪೇಪರ್ ಅಂಚಿಗೆ ಒಣಗಿತ್ತು, ನಾ ಅದನ್ನ ಬರದ ಇಟ್ಟಿಲ್ಲ. ಮತ್ತ ಮಾಡ್ತೀನಿ. ತಪ್ಪಿನಿಂದ ಆದ ತಟ್ಟಿ ಅಂತ ಎಸೀಬೇಕಂದಿದ್ದೆ, ಎಸೀಲಿಲ್ಲ.

ಬಳ್ಳಾರಿ_ಬಯೋ:
ಎಸೀಬೇಡ. ಈ ವಿಷಯ ಶುರು ಆಗಿದ್ದೇ ಅಂಥ ತಪ್ಪಿನಿಂದ. ಇಟಲಿಯಲ್ಲಿ ರಿತೋಸ್ಸಾ ಅನ್ನೋರು ಹಣ್ಣಿನ ನೊಣದ ಮರಿಹುಳದ ಜೊಲ್ಲು ಗ್ರಂಥಿಯ ಕ್ರೋಮೋಸೋಮು ನೋಡ್ತಿದ್ರು, ಜೊತೆಯವ್ರು ಯಾರೋ ಇನ್‌ಕ್ಯುಬೇಟರ್ ಬಿಸಿ ಏರಿಸಿಬಿಟ್ಟಿದ್ರು. ನೋಡಿದ್ರೆ ಕ್ರೋಮೋಸೋಮಿನಲ್ಲಿ ಹಿಂದೆ ಇಲ್ಲದ ಕಡೆ ಉಬ್ಬು ಎದ್ದಿದ್ವು, ಉಬ್ಬು ಅಂದ್ರೆ ಅಲ್ಲಿ ಜೀನ್ ಓದ್ತಾ ಐತೆ ಅಂತ. 1962ರಲ್ಲಿ ಬರೆದ್ರು. ಆ ಉಬ್ಬಿನಿಂದ ಬರೋ ಪ್ರೋಟೀನು ಯಾವುದು ಅಂತ ಕಂಡಿದ್ದು 1974ರಲ್ಲಿ, ಹನ್ನೆರಡು ವರ್ಷ ಆದ್ಮೇಲೆ.

ಗಂಗಾವತಿ_ಗದ್ದಿ:
ನನ್ನ ಜೊಳ್ಳಿನ ಮಾತು ಮರತ್ರಿ.

ಬಳ್ಳಾರಿ_ಬಯೋ:
ಮರ್ತಿಲ್ಲ ಅಣ್ಣ. ಭತ್ತ ಹೂ ಬಿಡೋದು ಬೆಳಿಗ್ಗೆ ಒಂಬತ್ತು ಹತ್ತರಿಂದ ಮಧ್ಯಾಹ್ನದೊಳಗೆ, ಒಂದೊಂದು ಕಾಳಿನ ಹೂವು ತೆರೆದಿರೋದು ಒಂದು ತಾಸಿನ ಆಸುಪಾಸು ಅಷ್ಟೇ. ಆ ಹೊತ್ತಲ್ಲಿ 35 ಡಿಗ್ರಿ ದಾಟ್ತು ಅಂದ್ರೆ ಪರಾಗದ ಚೀಲ ಸರಿಯಾಗಿ ಒಡೆಯಲ್ಲ, ಬಿದ್ದ ಪರಾಗ ಮೊಳೆಯಲ್ಲ, ಕಾಳು ಕಟ್ಟಲ್ಲ. ಎಲೆಗೆ ಏನೂ ಆಗಿರಲ್ಲ ಯಾಕಂದ್ರೆ ಎಲೆಯಲ್ಲಿ ಈ ಎಚ್‌ಎಸ್‌ಎಫ್ ವ್ಯವಸ್ಥೆ ಗಟ್ಟಿ ಐತೆ. ಬಲಿತ ಪರಾಗದಲ್ಲಿ ಅದು ಬಲು ದುರ್ಬಲ, ಕೂಗಿದ್ರೂ ಆಳು ಬರಲ್ಲ. ಅದಕ್ಕೇ ಗಿಡ ಹಸಿರು, ತೆನೆ ಜೊಳ್ಳು. ಬಾಜು ಗದ್ದೆಯವ್ನ ಹೂವು ಬಿಸಿಲು ಏರೋದ್ರೊಳಗೆ ಮುಗಿದಿತ್ತು, ನಿಮ್ದು ಸಿಕ್ಕಾಕೊಂಡ್ತು. ಹದಿನೆಂಟು ದಿನ ಅಂದ್ರೆ ನಮ್ಮ ಕಡೆ ಮಾರ್ಚ್ ಏಪ್ರಿಲ್‌ನಲ್ಲಿ ಸಣ್ಣ ಮಾತಲ್ಲ.

ಗಂಗಾವತಿ_ಗದ್ದಿ:
ಹೌದು ನೋಡ್ರಿ, ನಾ ಸಸಿ ಮಡಿ ತಡ ಮಾಡಿದ್ದೆ, ಆಳು ಸಿಗಲಿಲ್ಲ. ಹೂವಿನ ಹೊತ್ತಿಗೆ ಗದ್ಯಾಗ ನೀರೂ ಇಳದಿತ್ತು, ನೀರು ಇದ್ರ ಸ್ವಲ್ಪ ತಂಪು ಇರ್ತಿತ್ತೋ ಏನೋ.

ಬಳ್ಳಾರಿ_ಬಯೋ:
ಇರ್ತಿತ್ತು. ಎಲೆಯಿಂದ ನೀರು ಆವಿ ಆಗ್ತಾ ತೆನೆ ಸುತ್ತ ಗಾಳಿ ಒಂದೆರಡು ಡಿಗ್ರಿ ತಂಪಾಗ್ತೈತೆ. ಹೂವಿನ ವಾರ ಗದ್ದೆ ಒಣಗಿಸ್ಬೇಡಿ, ಕಾಲುವೆ ಪಾಳಿ ಬಗ್ಗೆ ಮೊದ್ಲೇ ನೋಡ್ಕೊಳ್ಳಿ.

ನರ್ಸಕ್ಕ_ಬಳ್ಳಾರಿ:
ನಾನೂ ಸ್ವಲ್ಪ ಬರೀತೀನಿ, ಹದಿನಾರು ವರ್ಷ ಐಸಿಯುನಲ್ಲಿ ಕೆಲಸ ಮಾಡಿದೀನಿ. ಈ ಆನ್ ಆದದ್ದು ಆಫ್ ಆಗದೆ ಇರೋ ಕಥೆ ನಮ್ಮಲ್ಲಿ ದಿನಾ ಕಾಣ್ತೀವಿ. ಬಿಸಿಲಿಗೆ ಬಿದ್ದವ್ರನ್ನ ಕರ್ಕೊಂಡ್ಬಂದಾಗ ಮೈ 40 ದಾಟಿರುತ್ತೆ, ಮಾತು ಅಡ್ಡಾದಿಡ್ಡಿ, ಮೊದಲು ಮೈ ತಣ್ಣಗೆ ಮಾಡ್ತೀವಿ, ಐಸು, ಒದ್ದೆ ಬಟ್ಟೆ, ಫ್ಯಾನು, ಅದರಲ್ಲಿ ಒಂದು ನಿಮಿಷ ತಡ ಮಾಡಂಗಿಲ್ಲ. ಆದ್ರೆ ಮೈ ತಣ್ಣಗಾದ್ರೂ ಕೆಲವ್ರಿಗೆ ಮರುದಿನ ಲಿವರ್ರು ಕಿಡ್ನಿ ಒಂದೊಂದೇ ಕೆಡೋಕೆ ಶುರು ಆಗುತ್ತೆ. ಡಾಕ್ಟ್ರು ಉರಿಯೂತ ಅಂತಾರೆ, ಎನ್‌ಎಫ್ ಕಪ್ಪಾ ಬಿ ಅಂತ ಏನೋ ಹೇಳಿದ್ರು. ಅದೂ ಈ ಜಾತಿದೇನಾ?

ಬಳ್ಳಾರಿ_ಬಯೋ:
ಅದೂ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರೇ ಅಕ್ಕ, 1986ರಲ್ಲಿ ಕಂಡಿದ್ದು. ಸೋಂಕು ಪೆಟ್ಟು ಆದಾಗ ಉರಿಯೂತದ ಜೀನೆಲ್ಲಾ ಎಬ್ಬಿಸೋದು ಅದು, ಅದಕ್ಕೂ ಕಣ್ಣಿ ಹಿಡಿಯೋ ಐ ಕಪ್ಪಾ ಬಿ ಅಂತ ಒಂದೈತೆ, ಸಿಗ್ನಲ್ ಬಂದ್ರೆ ಅದನ್ನ ಕರಗಿಸಿ ಬಿಡ್ತಾರೆ. ಆಮೇಲೆ ಎನ್‌ಎಫ್ ಕಪ್ಪಾ ಬಿನೇ ಹೊಸ ಐ ಕಪ್ಪಾ ಬಿ ಮಾಡಿಸಿ ತನ್ನನ್ನ ತಾನು ಕಟ್ಟಿಸ್ಕೊಳ್ತೈತೆ. ನೀವು ಕೋವಿಡ್‌ನಲ್ಲಿ ಡೆಕ್ಸಾ ಅನ್ನೋ ಸ್ಟಿರಾಯ್ಡ್ ಕೊಟ್ಟಿರ್ತೀರಲ್ಲ, ಅದು ಕೆಲಸ ಮಾಡೋದು ಹೆಂಗೆ ಗೊತ್ತಾ, ಕಾರ್ಟಿಸಾಲ್ ಅನ್ನೋ ಹಾರ್ಮೋನು ಹಿಡಿಯೋ ರಿಸೆಪ್ಟರ್ ಒಂದೈತೆ ಜೀವಕೋಶದೊಳಗೆ, ಆ ರಿಸೆಪ್ಟರೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಡೆಕ್ಸಾ ಅಂಟಿದ ತಕ್ಷಣ ನ್ಯೂಕ್ಲಿಯಸ್ಸಿಗೆ ಹೋಗಿ ಎನ್‌ಎಫ್ ಕಪ್ಪಾ ಬಿನ ಅಮುಕ್ತೈತೆ.

ನರ್ಸಕ್ಕ_ಬಳ್ಳಾರಿ:
ಅಯ್ಯೋ, ಎಷ್ಟು ಸಾವಿರ ಡೋಸ್ ಕೊಟ್ಟಿದೀನಿ, ಇದು ಗೊತ್ತಿರ್ಲಿಲ್ಲ. ಆಕ್ಸಿಜನ್ ಬೇಕಾದವ್ರಿಗೆ ದಿನಕ್ಕೆ 6 ಮಿಲಿಗ್ರಾಂ, ಹತ್ತು ದಿನ, ಅಷ್ಟೇ ಇದ್ದಿದ್ದು ಲೆಕ್ಕ. ಆದ್ರೆ ಆಗ ಮನೆಯಲ್ಲೇ ಮೊದಲ ದಿನದಿಂದ ಸ್ಟಿರಾಯ್ಡ್ ನುಂಗಿ ವಾರಗಟ್ಲೆ ನಿಲ್ಲಿಸದೆ ಬಂದೋರು ಎಷ್ಟೋ ಜನ, ಶುಗರ್ 400 500, 2021ರಲ್ಲಿ ಕಪ್ಪು ಶಿಲೀಂಧ್ರ ಬಂದು ಕಣ್ಣು ಕಳ್ಕೊಂಡೋರನ್ನ ನಾನೇ ಡ್ರೆಸ್ಸಿಂಗ್ ಮಾಡಿದೀನಿ. ಕಣ್ಣು ತೆಗೆದ ಜಾಗಕ್ಕೆ ಡ್ರೆಸ್ಸಿಂಗ್ ಬಟ್ಟೆ ಇಡೋವಾಗ ಆ ಅಜ್ಜ ನನ್ನ ಕೈ ಹಿಡ್ಕೊಂಡಿದ್ದು ಇನ್ನೂ ಮರ್ತಿಲ್ಲ. ಶುಗರ್ ಯಾಕೆ ಏರುತ್ತೆ ಅಂತಾನೂ ಹೇಳಿ.

ಬಳ್ಳಾರಿ_ಬಯೋ:
ಅದೇ ರಿಸೆಪ್ಟರ್ ಲಿವರ್ರಿನಲ್ಲಿ ಗ್ಲೂಕೋಸ್ ತಯಾರ್ಸೋ ಜೀನೂ ಆನ್ ಮಾಡ್ತೈತೆ. ಕಾರ್ಟಿಸಾಲ್ ಅಂದ್ರೆ ಆಪತ್ತಿನ ಹಾರ್ಮೋನು, ಓಡೋಕೆ ಸಕ್ಕರೆ ಬೇಕಲ್ಲ. ಒಂದು ದಿನಕ್ಕೆ ಒಳ್ಳೇದು. ತಿಂಗಳುಗಟ್ಲೆ ಆದ್ರೆ ಮಾಂಸಖಂಡ ಕರಗ್ತೈತೆ, ಮೂಳೆ ಸವೀತೈತೆ, ಸೋಂಕು ತಡೆಯೋಕಾಗಲ್ಲ. ಕಿಡ್ನಿ ಮೇಲಿನ ಗ್ರಂಥಿ ತಾನು ಮಾಡೋದನ್ನ ನಿಲ್ಲಿಸಿಬಿಡ್ತೈತೆ, ಅದಕ್ಕೆ ಬಹಳ ದಿನ ತಗೊಂಡೋರು ಒಮ್ಮೆಲೇ ಬಿಡಬಾರದು, ಡಾಕ್ಟ್ರು ಹೇಳ್ದಂಗೆ ಇಳಿಸ್ತಾ ಬರ್ಬೇಕು. ರಾಯಚೂರು ತಂಗಿ, ನಿನ್ನ ಮೊಂಡು ಬೇರೂ ಇದೂ ಒಂದೇ ಸಾಲಿನ ಮಾತು ಇರ್ಬೋದು.

ಕುಷ್ಟಗಿ_ಬಸ್ಯಾ:
ನಾ ಸ್ಪಾಂಜ್ ಐರನ್ ಫ್ಯಾಕ್ಟರ್ಯಾಗ ಶಿಫ್ಟ್ ಕೆಲಸ ಮಾಡ್ತೀನ್ರಿ, ಯಾವ ಫ್ಯಾಕ್ಟರಿ ಅನ್ನೋದು ಬ್ಯಾಡ. ಕಿಲ್ನ್ ಅಂದ್ರ ದೊಡ್ಡ ಭಟ್ಟಿ, ಅದರ ಹತ್ರ ಬ್ಯಾಸಗ್ಯಾಗ ನಿಂತ್ರ ಉಸುರು ಕಟ್ಟತೈತಿ. ಹಳಬರಿಗೆ ಅಷ್ಟೇನು ಆಗಂಗಿಲ್ಲ, ಹೊಸದಾಗಿ ಬಂದ ಹುಡುಗ್ರು ಮೊದಲನೇ ವಾರನ ಬೀಳ್ತಾರ. ಹ್ವಾದ ಮೇ ತಿಂಗಳಾಗ ಒಬ್ಬ ಹುಡುಗ ಎರಡನೇ ದಿನಕ್ಕ ಬಿದ್ದ, ಸೂಪರ್‌ವೈಸರ್ರು ಗಟ್ಟಿ ಇಲ್ಲ ಇವ ಅಂದು ಕಳಿಸಿಬಿಟ್ರು. ನನಗ ಆವಾಗಿಂದ ಮನಸ್ಸಿನಾಗ ಕೊರಿತೈತಿ. ಆ ಹುಡುಗ ನಮ್ಮ ತಂಗಿಯ ತಟ್ಟಿ ಒಂದನೇ ನಂಬರಿನಂಗ ಅಲ್ಲೇನ್ರಿ, ಸೀದಾ 49ಕ್ಕ ಇಟ್ಟಂಗ?

ಬಳ್ಳಾರಿ_ಬಯೋ:
ಬಸಣ್ಣ, ನೀವು ಹೇಳಿದ್ದು ಸರಿ. ಮನುಷ್ಯನ ಮೈ ಬಿಸಿಗೆ ಒಗ್ಗೋಕೆ ಏಳರಿಂದ ಹದಿನಾಲ್ಕು ದಿನ ಬೇಕು. ಬೆವರು ಬೇಗ ಬರೋಕೆ ಶುರು, ಬೆವರಲ್ಲಿ ಉಪ್ಪು ಕಮ್ಮಿ, ರಕ್ತದ ನೀರಿನ ಅಂಶ ಜಾಸ್ತಿ, ಮುಖ್ಯವಾಗಿ ಇವು, ಜೊತೆಗೆ ಜೀವಕೋಶದಲ್ಲಿ ಎಚ್‌ಎಸ್‌ಪಿ70 ಮೊದಲೇ ಜಾಸ್ತಿ ಇಟ್ಕೊಳ್ತೈತೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಲೆಕ್ಕದಲ್ಲಿ ಬಿಸಿಯಿಂದ ಕೆಲಸದಲ್ಲಿ ಸತ್ತೋರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಮೊದಲ ದಿನವೇ ಸತ್ತವ್ರು, ನೂರಕ್ಕೆ 70 ಮೊದಲ ವಾರದಲ್ಲಿ. ಅಲ್ಲಿ ಹೊಸಬರಿಗೆ ಮೊದಲ ದಿನ ಬಿಸಿ ಜಾಗದಲ್ಲಿ 20 ಪರ್ಸೆಂಟ್ ಹೊತ್ತು ಮಾತ್ರ, ದಿನಾ 20 ಏರಿಸ್ರಿ ಅಂತಾರೆ. ಗಟ್ಟಿತನದ ಮಾತೇ ಅಲ್ಲ ಇದು. ಹಬ್ಬಕ್ಕೆ ಅಂತ ಊರಿಗೆ ಹೋಗಿ ಹತ್ತು ಹದಿನೈದು ದಿನ ಬಿಟ್ಟು ಬಂದ ಹಳಬರೂ ಹೊಸಬರಂಗೇನೆ, ಒಗ್ಗಿದ್ದು ಇಳಿದುಹೋಗಿರ್ತೈತೆ.

ಕುಷ್ಟಗಿ_ಬಸ್ಯಾ:
ಇದನ್ನ ಕನ್ನಡದಾಗ ಒಂದು ಹಾಳಿ ಮ್ಯಾಲೆ ಬರದು ಕೊಡ್ರಿ, ನಮ್ಮ ಯೂನಿಯನ್ನವರ ಕೈಯಾಗ ಕೊಡ್ತೀನಿ. ದಿನಾ 20 ಅನ್ನೋ ಲೆಕ್ಕ ಮುಖ್ಯ ಐತಿ.

ನರ್ಸಕ್ಕ_ಬಳ್ಳಾರಿ:
ನಾನು ಬರ್ಕೊಡ್ತೀನಿ ಬಸಣ್ಣ. ಬಿದ್ದಾಗ ಏನು ಮಾಡ್ಬೇಕು ಅನ್ನೋದೂ ಅದ್ರಲ್ಲೇ ಹಾಕ್ತೀನಿ. ಮಾತು ಅಡ್ಡಾದಿಡ್ಡಿ ಆದೋರಿಗೆ ಬಾಯಿಗೆ ನೀರು ಹುಯ್ಯಬೇಡಿ, ಮೈಮೇಲೆ ಹುಯ್ಯಿರಿ.

ಸಿಂಧನೂರು_ಸವಳು:
ಎಲ್ಲಾ ಓದಿದೆ, ಚಲೋ ಅದ. ನಮ್ಮದು ಬಿಸಿಲಿಗಿಂತ ಸವಳು ದೊಡ್ಡ ಕಾಟ, ಕಾಲುವಿ ಕೆಳಗಿನ ಹೊಲ, ಬ್ಯಾಸಗ್ಯಾಗ ಬದುವಿನ ಮ್ಯಾಲೆ ಬೆಳ್ಳಗ ಸುಣ್ಣ ಬಳದಂಗ ಕಾಣ್ತದ. ಉಪ್ಪು ತಡಿಯೋ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಕೇರಳದ ಪೊಕ್ಕಾಲಿ ಭತ್ತದಾಗ ಅದ ಅಂತ ಯಾರೋ ಹೇಳಿದ್ರು. ಖರೇ ಏನು? ಮತ್ತ ಎಂಟಿಯು 1010 ಭತ್ತದಾಗ ಹೊಸ ತಳಿ ಬಂದದ ಅಂತ ಏಜೆಂಟ್ ಒಬ್ಬ ಬೀಜಕ್ಕ ಅಡ್ವಾನ್ಸ್ ಕೇಳಾಕತ್ಯಾನ.

ಬಳ್ಳಾರಿ_ಬಯೋ:
ಪೊಕ್ಕಾಲಿಯದ್ದು ಸಾಲ್ಟೋಲ್ ಅನ್ನೋ ಜಾಗ, ಒಂದನೇ ಕ್ರೋಮೋಸೋಮಿನಲ್ಲಿ. ಅಲ್ಲಿರೋ ಮುಖ್ಯ ಜೀನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಲ್ಲ, ಸೋಡಿಯಂನ ಎಲೆಗೆ ಹೋಗದಂಗೆ ಬೇರಿನ ಕಡೆನೇ ಹಿಡಿಯೋ ಗೇಟು. ಅದು ಬೇರೆ ಇದು ಬೇರೆ.

1010 ವಿಷಯ ಖರೆ ಐತೆ. 2025ರ ಮೇ 4ರಂದು ಕೇಂದ್ರ ಕೃಷಿ ಮಂತ್ರಿಗಳು ಜೀನೋಮ್ ಎಡಿಟ್ ಮಾಡಿದ, ಅಂದ್ರೆ ಇರೋ ಜೀನನ್ನೇ ತಿದ್ದಿದ, ಎರಡು ಭತ್ತ ಘೋಷಣೆ ಮಾಡಿದ್ರು, ಅದರಲ್ಲಿ ಒಂದು ಪೂಸಾ ಡಿಎಸ್‌ಟಿ ರೈಸ್ 1, ಎಂಟಿಯು 1010ರಿಂದಾನೇ ಮಾಡಿದ್ದು. ಚೆಂದ ಏನಂದ್ರೆ ಡಿಎಸ್‌ಟಿ ಅನ್ನೋದು ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಝಿಂಕ್ ಫಿಂಗರ್ ಮನೆತನದ್ದು, ಎಲೆಯ ಉಸಿರುರಂಧ್ರ ತೆರೆದಿರೋ ಹಂಗೆ ನೋಡ್ಕೊಳ್ಳೋದು. ಇಲ್ಲಿ ಹೊಸ ಜೀನ್ ಏನೂ ಹಾಕಿಲ್ಲ, ಆ ಫ್ಯಾಕ್ಟರ್ರನ್ನೇ ಕೆಲಸದಿಂದ ಇಳಿಸ್ಯಾರೆ, ರಂಧ್ರ ಬೇಗ ಮುಚ್ತೈತೆ, ನೀರು ಉಳಿತೈತೆ. ಆದ್ರೆ ಏಜೆಂಟ್ ಕೈಗೆ ದುಡ್ಡು ಕೊಡ್ಬೇಡಿ, ಬೀಜ ಸಿಗೋ ಮಾತು ಕೃಷಿ ವಿಜ್ಞಾನ ಕೇಂದ್ರದಲ್ಲೇ ಕೇಳಿ. ಮತ್ತೆ ತಳಿ ಯಾವುದೇ ಬರಲಿ, ಜವಳು ನೀರು ಹೊರಗೆ ಹೋಗೋ ಬಸಿಗಾಲುವೆ ಇಲ್ದೆ ಉಪ್ಪು ಎಲ್ಲಿಗೂ ಹೋಗಲ್ಲ. ಜಿಪ್ಸಮ್ಮೂ ಮಣ್ಣು ಪರೀಕ್ಷೆ ಮಾಡಿಸದೆ ಹಾಕ್ಬೇಡಿ, ಅದು ಕ್ಷಾರ ಮಣ್ಣಿಗೆ, ಬರೀ ಉಪ್ಪಿನ ಮಣ್ಣಿಗಲ್ಲ.

ಸಿಂಧನೂರು_ಸವಳು:
ಅಡ್ವಾನ್ಸ್ ಕೊಡಾಕ ನಾಳೆ ಹೋಗಾವ ಇದ್ದೆ. ಹೋಗಂಗಿಲ್ಲ.

ಗಂಗಾವತಿ_ಗದ್ದಿ:
ನದಿ ದಂಡಿ ಗದ್ದಿಯವರದ್ದು ಇನ್ನೊಂದು ಕಥಿ, ಡ್ಯಾಂ ಗೇಟು ತೆಗದ್ರ ನಾಟಿ ಮುಳುಗಿ ಹೋಗತೈತಿ. ಮುಳುಗಿದ್ದಕ್ಕೂ ಇಂಥಾದ್ದು ಐತೇನ್ರಿ?

ರಾಯಚೂರು_ಸಸಿ:
ಇದನ್ನ ನಾ ಹೇಳ್ತೀನಿ ಕಾಕಾ, ನಾ ಓದೀನಿ. ಸಬ್1ಎ ಅಂತ ಅದ, ಇಆರ್‌ಎಫ್ ಮನೆತನದ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಒಡಿಶಾದ ಎಫ್‌ಆರ್13ಎ ಅನ್ನೋ ಹಳೆ ಭತ್ತದಾಗ ಸಿಕ್ಕಿದ್ದು, 2006ರಾಗ ಜೀನ್ ಗುರುತಿಸ್ಯಾರ. ಸಾದಾ ಭತ್ತ ಮುಳುಗಿದ್ರ ನೀರಿನ ಮ್ಯಾಲೆ ಬರಬೇಕಂತ ಉದ್ದ ಉದ್ದ ಬೆಳದು ಇದ್ದ ಸಕ್ಕರಿ ಎಲ್ಲಾ ಖರ್ಚು ಮಾಡಿ, ನೀರು ಇಳದ ಮ್ಯಾಲೆ ಬಿದ್ದು ಸಾಯ್ತದ. ಸಬ್1ಎ ಇದ್ದದ್ದು ಬೆಳೆಯೋದನ್ನ ನಿಲ್ಲಿಸಿ ಸುಮ್ಮನ ಉಸಿರು ಹಿಡಕೊಂಡು ಕುಂದರ್ತದ, ಎರಡು ವಾರದ ತನಕ. ನೀರು ಇಳದ್ರ ಮತ್ತ ಚಿಗುರ್ತದ. ಸ್ವರ್ಣ ಸಬ್1 ಅಂತ ತಳಿ 2009ರಾಗ ನಮ್ಮ ದೇಶದಾಗ ಬಿಡುಗಡಿ ಆಗ್ಯದ.

ಬರೀಬೇಕಾದ್ರ ಈಗ ಹೊಳೀತು, ಇಲ್ಲಿ ಬೆಳೆಯೋದು ನಿಲ್ಲಿಸಿದ್ದ ಬದುಕೋ ದಾರಿ. ನೀರು ಇಳಿಯೂ ತನಕ ಅಷ್ಟ.

ಬಳ್ಳಾರಿ_ಬಯೋ:
ಅಷ್ಟೇ. ಸೆಮಿನಾರಲ್ಲಿ ಈ ಮಾತಿಂದಾನೇ ಶುರು ಮಾಡು.

ರಾಯಚೂರು_ಸಸಿ:
ಹನ್ನೊಂದು ದಿನ ಆತು, ತಡ ಆದದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. ಮತ್ತ ಮಾಡಿದೆ, ಒಂದೊಂದಕ್ಕೂ ಐದೈದು ತಟ್ಟಿ, ಮುಚ್ಚಳಕ್ಕ ಟೇಪ್ ಸುತ್ತಿ ನೀರು ಆರದಂಗ, ಟೈಮರ್ ನಂಬದ ಮೊಬೈಲ್ ಅಲಾರಂ ಇಟ್ಟು ರಾತ್ರಿ ಎರಡಕ್ಕ ಎದ್ದು ಹೋಗಿ ನೋಡಿ ಬಂದೆ. ಇನ್ನೊಂದು ಗುಂಪು ಸೇರಿಸಿದ್ದೆ, ರಾತ್ರಿಯೆಲ್ಲಾ 40 ಕೊಟ್ಟು 49 ಕೊಡದ ಬಿಟ್ಟದ್ದು. ಅದರ ಬೇರೂ ಮೊಂಡನ. ಅಂದ್ರ ಬೇರು ನಿಲ್ಲಿಸಿದ್ದು ಕಡೀ ಎರಡು ತಾಸಿನ ಬಿಸಿ ಅಲ್ಲ, ರಾತ್ರಿಯ ಬಿಸಿ. ಪೆಟ್ಟು ತಿಂದು ನಿಂತದ್ದೋ ಕಾವಲು ಇಳಿಸದ ನಿಂತದ್ದೋ ಅನ್ನೋದಕ್ಕ ಎಚ್‌ಎಸ್‌ಪಿ ಅಳೀಬೇಕು, ಗೈಡ್ ಹೂಂ ಅಂದಾರ. ಒಂದು ವಿಷಯ ಖುಷಿ ಆತು, ಮೊಂಡು ಬೇರಿನ ತಟ್ಟಿ 28ರಾಗ ಹಂಗ ಬಿಟ್ಟಿದ್ದೆ, ಆರನೇ ದಿನಕ್ಕ ತುದಿ ಅಲ್ಲ, ಮಗ್ಗಲದಿಂದ ಸಣ್ಣ ಬೆಳ್ಳನೆ ಬೇರು ಹೊಂಟಾವ, ಲೆನ್ಸ್ ಹಿಡದು ನೋಡಿದ್ರ ಎಳ್ಳಿನ ಮೊನಿಯಷ್ಟ.

ಗಂಗಾವತಿ_ಗದ್ದಿ:
ಶಾಬ್ಬಾಸ್ ತಂಗಿ. ನಾ ಈ ಸಲ ಸಸಿ ಮಡಿ ಮುಂದ ಮಾಡ್ತೀನಿ, ಆಳಿಗೆ ಈಗ ಹೇಳಿಟ್ಟೀನಿ. ನಮ್ಮ ಮನಿ ಬಿತ್ತನಿ ಭತ್ತ ಒಂದು ಬೊಗಸಿ ಕಳಸ್ತೀನಿ, ಅದನ್ನೂ ನಿನ್ನ ತಟ್ಟ್ಯಾಗ ಇಟ್ಟು ನೋಡ್ತೀಯೇನು?

ರಾಯಚೂರು_ಸಸಿ:
ಕಳಸ್ರಿ ಕಾಕಾ, ರಾಯಚೂರು ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ರೂ ಆಗ್ತದ. ಔಷಧ ಹಚ್ಚಿದ ಬೀಜ ಬ್ಯಾಡ, ಬಾಜು ಗದ್ದಿಯವರದ್ದೂ ಒಂದು ಬೊಗಸಿ ಬ್ಯಾರೆ ಚೀಟಿ ಕಟ್ಟಿ ಕಳಸ್ರಿ.